ಶೂನ್ಯ ಟಿಕೆಟ್ಟು ಮತ್ತು ಎರಡು ಕಾರಿನ ಮನೆ

ಬೇಸಿಗೆಯ ತಿಂಗಳುಗಳಲ್ಲಿ ಅಟ್ಲಾಂಟಾದ ಹೊರವಲಯದ ಬಡಾವಣೆಗಳಲ್ಲಿ ಬೆಳಗಿನ ಏಳರ ಹೊತ್ತಿಗೆ ಒಂದು ದೃಶ್ಯ ಕಾಣಸಿಗುತ್ತದೆ. ಸೀರೆಯ ಮೇಲೆ ಸ್ವೆಟರ್ ತೊಟ್ಟು, ಮಗ ಕೊಡಿಸಿದ ಬಿಳಿಯ ಶೂ ಹಾಕಿಕೊಂಡ ಹಿರಿಯ ಹೆಂಗಸರು ಬಡಾವಣೆಯೊಳಗಿನ ರಸ್ತೆಯಲ್ಲಿ ಸುತ್ತು ಹಾಕುತ್ತಾರೆ. ಮೂರು ಸುತ್ತು, ನಾಲ್ಕು ಸುತ್ತು. ಹೆಬ್ಬಾಗಿಲಿನವರೆಗೆ ಬಂದು ಹಿಂತಿರುಗುತ್ತಾರೆ. ಅದರಾಚೆಗೆ ಕಾಲುದಾರಿಯಿಲ್ಲ, ಆರು ಪಥದ ರಸ್ತೆಯಿದೆ, ಅದರ ಮೇಲೆ ನಿಲ್ಲದೆ ಹರಿಯುವ ಕಾರುಗಳಿವೆ. ಹಾಲಿನ ಅಂಗಡಿ ಎರಡು ಮೈಲಿಗಳಾಚೆಗಿದೆ. ದೇವಸ್ಥಾನ ಹದಿನೈದು ಮೈಲಿ. ಸೋಮವಾರದಿಂದ ಶುಕ್ರವಾರದವರೆಗೆ ಅವರ ಲೋಕ ಆ ಹೆಬ್ಬಾಗಿಲಿನಲ್ಲಿ ಮುಗಿಯುತ್ತದೆ; ಶನಿವಾರ ಮಗನಿಗೆ ಬಿಡುವಾದರೆ ಮತ್ತೆ ತೆರೆದುಕೊಳ್ಳುತ್ತದೆ.

ಈ ಹೆಂಗಸರಲ್ಲಿ ಅನೇಕರು ತುಮಕೂರಿನಲ್ಲೋ ಹಾಸನದಲ್ಲೋ ಇರುವಾಗ ಯಾರ ಅಪ್ಪಣೆಗೂ ಕಾಯದೆ ಬಸ್ಸು ಹತ್ತುವವರು. ತಂಗಿಯ ಮನೆ, ಕಣ್ಣಿನ ಆಸ್ಪತ್ರೆ, ಸಂತೆ, ವರ್ಷಕ್ಕೊಮ್ಮೆ ಧರ್ಮಸ್ಥಳ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲಂತೂ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು, ನಿರ್ವಾಹಕರು ಶೂನ್ಯ ಮೊತ್ತದ ಟಿಕೆಟ್ ಹರಿದು ಕೈಗಿಡುತ್ತಾರೆ. ಅರುವತ್ತೆಂಟನೆಯ ವಯಸ್ಸಿನಲ್ಲಿ ಒಬ್ಬಂಟಿಯಾಗಿ ಊರೂರು ತಿರುಗುತ್ತಿದ್ದ ಜೀವ, ಜಗತ್ತಿನ ಅತ್ಯಂತ ಶ್ರೀಮಂತ ದೇಶಕ್ಕೆ ಬಂದ ಮರುದಿನವೇ ಹಾಲು ತರಲೂ ಮಗನನ್ನು ಕೇಳಬೇಕಾಗುತ್ತದೆ. ವಿಪರ್ಯಾಸವೆಂದರೆ ಅದೇ ಮನೆಯ ಊಟದ ಮೇಜಿನ ಮೇಲೆ, ಗ್ಯಾರೇಜಿನಲ್ಲಿ ಎರಡು ಕಾರುಗಳಿರುವ ಅದೇ ಮಗ, ಕರ್ನಾಟಕದ ಸರ್ಕಾರ ಹೆಂಗಸರಿಗೆ ಬಿಟ್ಟಿ ಬಸ್ಸು ಕೊಟ್ಟು ರಾಜ್ಯವನ್ನು ದಿವಾಳಿ ಎಬ್ಬಿಸುತ್ತಿದೆ ಎಂದು ವಾಟ್ಸಾಪಿನಲ್ಲಿ ಬಂದ ವಿನೋದವನ್ನು ಓದಿ ಹೇಳುತ್ತಾನೆ. ತಾಯಿ ನಗುತ್ತಾಳೆ. ಆಕೆಯ ಕೈಚೀಲದ ಒಳಜೇಬಿನಲ್ಲಿ ಹಳೆಯ ಶೂನ್ಯ ಟಿಕೆಟ್ಟುಗಳು ಇನ್ನೂ ಮಡಿಸಿಕೊಂಡೇ ಇರಬಹುದು.

ವಲಸೆ ಕನ್ನಡಿಗರ ನಡುವೆ ಕಾರಿನ ಮಾತು ಬಂದಾಗಲೆಲ್ಲ ಅದನ್ನು ಸ್ವಂತ ದುಡಿಮೆಯ ಫಲ, ಖಾಸಗಿ ಆಯ್ಕೆ ಎಂದು ಭಾವಿಸುವುದು ರೂಢಿ. ಬಸ್ಸು ಮಾತ್ರ ಸರ್ಕಾರದ ಔದಾರ್ಯ, ತೆರಿಗೆದಾರನ ಮೇಲಿನ ಹೊರೆ. ಈ ಎಣಿಕೆ ಎಷ್ಟು ನಿಜ?

ಅಮೆರಿಕದ ಅಂತರರಾಜ್ಯ ಹೆದ್ದಾರಿಗಳು ಮಾರುಕಟ್ಟೆಯ ಸೃಷ್ಟಿಯಲ್ಲ. 1956ರ ಕಾಯಿದೆ 41 ಸಾವಿರ ಮೈಲಿಗಳ ಜಾಲಕ್ಕೆ ಅಪ್ಪಣೆ ನೀಡಿತು, ವೆಚ್ಚದ ಶೇ. 90 ಭಾಗವನ್ನು ಒಕ್ಕೂಟ ಸರ್ಕಾರವೇ ಹೊತ್ತಿತು. ರಸ್ತೆ ಬಳಸುವವರೇ ಅದರ ವೆಚ್ಚ ಕೊಡುತ್ತಾರೆ ಎಂಬ ವಾದಕ್ಕೆ ಆಧಾರವಾಗಿದ್ದ ಒಕ್ಕೂಟದ ಪೆಟ್ರೋಲ್ ತೆರಿಗೆ 1993ರಿಂದ ಗ್ಯಾಲನ್ನಿಗೆ 18.4 ಸೆಂಟಿನಲ್ಲೇ ನಿಂತಿದೆ. ಕೊರತೆ ತುಂಬಲು 2008ರಿಂದೀಚೆಗೆ ಸಾಮಾನ್ಯ ಬೊಕ್ಕಸದಿಂದ ಹೆದ್ದಾರಿ ನಿಧಿಗೆ ಇನ್ನೂರು ಶತಕೋಟಿ ಡಾಲರಿಗೂ ಹೆಚ್ಚು ಹಣ ಹರಿದಿದೆ. ಕಾರಿಲ್ಲದವನ ತೆರಿಗೆಯೂ ಅದರಲ್ಲಿದೆ. ಇನ್ನು ಪಾರ್ಕಿಂಗ್. ಅಂಗಡಿ, ಕಚೇರಿ, ಚರ್ಚು, ಚಿತ್ರಮಂದಿರ ಯಾವುದನ್ನೇ ಕಟ್ಟಿದರೂ ಇಷ್ಟು ಕಾರುಗಳಿಗೆ ಜಾಗ ಬಿಡಲೇಬೇಕೆಂದು ಬಹುತೇಕ ನಗರಗಳ ನಿಯಮಗಳು ದಶಕಗಳ ಕಾಲ ಕಡ್ಡಾಯ ಮಾಡಿದವು. ಆ ನೆಲದ ಬೆಲೆ ದಿನಸಿಯ ಬಿಲ್ಲಿನಲ್ಲಿ, ಮನೆಬಾಡಿಗೆಯಲ್ಲಿ ಅಡಗಿ ಕೂತಿರುತ್ತದೆ. ನಡೆದು ಬಂದವನೂ ಅದನ್ನು ತೆರುತ್ತಾನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಪ್ರಾಧ್ಯಾಪಕರಾಗಿದ್ದ, 2025ರಲ್ಲಿ ತೀರಿಕೊಂಡ ಡೊನಾಲ್ಡ್ ಶೂಪ್, ಪುಕ್ಕಟೆ ಪಾರ್ಕಿಂಗಿಗೆ ಸಮಾಜ ತೆರುವ ಬೆಲೆಯನ್ನು ಲೆಕ್ಕ ಹಾಕುತ್ತಲೇ ವೃತ್ತಿಜೀವನದ ಬಹುಪಾಲನ್ನು ಕಳೆದರು. ಅವರ 2005ರ ಗ್ರಂಥವನ್ನು ಓದಿದ ಬಳಿಕ ಶೂನ್ಯ ಟಿಕೆಟ್ಟನ್ನು ಹಂಗಿಸುವುದು ಕಷ್ಟ. ಕಾಸ್ಟ್‌ಕೋ ಅಂಗಡಿಯೆದುರಿನ ವಿಶಾಲ ಬಯಲೂ ಒಂದು ‘ಭಾಗ್ಯ’ವೇ, ಅದಕ್ಕೆ ಹೆಸರಿಟ್ಟವರಿಲ್ಲ, ಅಷ್ಟೆ.

ಇಷ್ಟಾದರೂ ಕಾರು ಅಗ್ಗವಾಗಿಲ್ಲ. ಕಂತು, ವಿಮೆ, ಇಂಧನ, ಸವಕಳಿ ಎಲ್ಲ ಸೇರಿ ಹೊಸ ಕಾರೊಂದರ ವಾರ್ಷಿಕ ವೆಚ್ಚ 12 ಸಾವಿರ ಡಾಲರು ಮೀರುತ್ತದೆಂದು ಅಮೆರಿಕದ ವಾಹನ ಸವಾರರ ಸಂಘವಾದ ‘ಎಎಎ’ಯೇ 2024ರಲ್ಲಿ ಅಂದಾಜಿಸಿತ್ತು. ಎರಡು ಕಾರಿನ ಮನೆಗೆ ಇದು ಆಯ್ಕೆಯಲ್ಲ, ಪ್ರವೇಶ ಶುಲ್ಕ. ಶುಲ್ಕ ಕಟ್ಟಲಾರದವರು ಯಾರು ಎಂದು ನೋಡಲು ದೂರ ಹೋಗಬೇಕಿಲ್ಲ. ಅವಲಂಬಿತ ವೀಸಾದ ಮೇಲೆ ಬಂದ ಹೆಂಡತಿಗೆ ದುಡಿಯುವ ಅನುಮತಿ ಇಲ್ಲದಿರಬಹುದು. ಆಕೆಯ ಚಾಲನಾ ಪರವಾನಗಿಯ ಅವಧಿಯೂ ವೀಸಾ ಕಾಗದದ ದಿನಾಂಕಕ್ಕೆ ಗಂಟು ಬಿದ್ದಿರುತ್ತದೆ. ವಿಸ್ತರಣೆಯ ಅರ್ಜಿ ಕಚೇರಿಯಲ್ಲಿ ಕೊಳೆಯುತ್ತಿದ್ದರೆ ಪರವಾನಗಿಯೂ ಕೊಳೆಯುತ್ತದೆ. ಕಾರು ನಿಂತ ದಿನ ಮಗುವಿನ ಶಾಲೆ, ವೈದ್ಯರು, ತರಕಾರಿ, ಗೆಳತಿ ಎಲ್ಲವೂ ನಿಲ್ಲುತ್ತವೆ. ಗಂಡ ಒಳ್ಳೆಯವನಾದರೆ ಇದೊಂದು ಕಿರಿಕಿರಿ. ಒಳ್ಳೆಯವನಲ್ಲದಿದ್ದರೆ ಕಾರಿನ ಬೀಗದ ಕೈ ಯಾರ ಜೇಬಿನಲ್ಲಿದೆ ಎಂಬುದೇ ಆ ಮನೆಯ ರಾಜಕಾರಣವನ್ನು ತೀರ್ಮಾನಿಸುತ್ತದೆ.

ಬಸ್ಸನ್ನು ಕಂಡರೆ ಹಿಂಜರಿಯುವುದಕ್ಕೆ ಹಣವೊಂದೇ ಕಾರಣವಲ್ಲ, ಸಮಯವೊಂದೇ ಕಾರಣವೂ ಅಲ್ಲ. ಅಟ್ಲಾಂಟಾದಲ್ಲಿ ಇದರ ಚರಿತ್ರೆ ಬಿಚ್ಚಿಟ್ಟಂತಿದೆ. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಸ್ವೀಟ್ ಆಬರ್ನ್ ಕೇರಿಯನ್ನು ಸೀಳಿಕೊಂಡು ಹೆದ್ದಾರಿ ಹಾದುಹೋಯಿತು. ನಗರದ ರೈಲು ಮತ್ತು ಬಸ್ಸಿನ ಸಂಸ್ಥೆಯಾದ ‘ಮಾರ್ಟಾ’ಕ್ಕಾಗಿ 1971ರಲ್ಲಿ ಜನಮತ ಸಂಗ್ರಹ ನಡೆದಾಗ ಫುಲ್ಟನ್ ಮತ್ತು ಡಿಕಾಲ್ಬ್ ಕೌಂಟಿಗಳು ಒಪ್ಪಿದವು; ಬಹುತೇಕ ಬಿಳಿಯರೇ ಇದ್ದ ಗ್ವಿನೆಟ್ ಮತ್ತು ಕ್ಲೇಟನ್ ತಿರಸ್ಕರಿಸಿದವು. ರೈಲು ಬಂದರೆ ಅದರೊಡನೆ ಕರಿಯರು ಬರುತ್ತಾರೆಂಬ ಭಯವನ್ನು ಅಂದು ಯಾರೂ ಹೆಚ್ಚು ಮುಚ್ಚಿಡಲಿಲ್ಲ. ಮಾರ್ಟಾದ ಅಕ್ಷರಗಳನ್ನೇ ಬಿಡಿಸಿ ಜನಾಂಗೀಯ ಬೈಗುಳವೊಂದನ್ನು ಕಟ್ಟಲಾಗಿತ್ತು. ಆ ಬಳಿಕ ಬಂದ ಭಾರತೀಯರಿಗೆ ಈ ಚರಿತ್ರೆ ತಿಳಿಯದಿರಬಹುದು. ಆದರೆ ಬಸ್ಸಿನಲ್ಲಿ ‘ಅಂಥವರು’ ಇರುತ್ತಾರೆ ಎಂಬ ಪಿಸುಮಾತನ್ನು ಅವರು ಬಹುಬೇಗ ಕಲಿತರು. ಆ ಪಾಠ ಅವರಿಗೆ ತೀರ ಹೊಸದೇನೂ ಆಗಿರಲಿಲ್ಲ.

1901ರಲ್ಲಿ ಸತಾರಾದಿಂದ ತಂದೆಯಿದ್ದ ಕೋರೆಗಾಂವಕ್ಕೆ ಹೊರಟ ಬಾಲಕ ಅಂಬೇಡ್ಕರ್ ಮತ್ತು ಒಡನಿದ್ದ ಮಕ್ಕಳು ರೈಲಿನಲ್ಲಿ ಮಸೂರು ನಿಲ್ದಾಣದವರೆಗೆ ಹೋದರು. ಟಿಕೆಟ್ಟು ಕೊಂಡವರನ್ನು ರೈಲು ಒಯ್ದಿತು. ಜಾತಿ ತಿಳಿದ ಕೂಡಲೇ ಖಾಸಗಿ ಎತ್ತಿನ ಗಾಡಿಗಳವರು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಏರ್ಪಾಡಾಯಿತು. ಅಂಬೇಡ್ಕರ್ ಸ್ವತಃ ಬರೆದಿಟ್ಟ ಸಂಗತಿಯಿದು. ಸಾರ್ವಜನಿಕ ವಾಹನದಲ್ಲಿ ಜಾತಿಯಿಲ್ಲ ಎಂದು ಇದರಿಂದ ಸಾಧಿಸಲಾಗದು. ಕರ್ನಾಟಕದ ಹಳ್ಳಿಯ ಬಸ್ಸುಗಳಲ್ಲಿ ಸೀಟು ಬಿಟ್ಟೆದ್ದು ನಿಂತವರ ನೆನಪುಗಳು ಇನ್ನೂ ಹಸಿಯಾಗಿವೆ. ಆದರೆ ಬಸ್ಸಿನಲ್ಲಿ ಹಕ್ಕು ಕೇಳಬಹುದು. ಮಾಂಟ್ಗೊಮರಿಯ ಕರಿಯ ಜನ 1955ರ ಡಿಸೆಂಬರಿನಿಂದ 381 ದಿನ ಬಸ್ಸು ಹತ್ತದೆ ನಡೆದು ಗೆದ್ದದ್ದು ಅಂಥ ಹಕ್ಕನ್ನೇ. ಮುಚ್ಚಿದ ಗಾಜಿನ ಕಾರಿನಲ್ಲಿ ಪಕ್ಕದವನೇ ಇರುವುದಿಲ್ಲ, ಜಗಳಕ್ಕೂ ಅವಕಾಶವಿಲ್ಲ. ಅದರ ಆಕರ್ಷಣೆಯ ಒಂದು ಪಾಲು ಅಲ್ಲೇ ಇರಬೇಕು.

ಹಾಗೆಂದು ಶಕ್ತಿ ಯೋಜನೆಯ ಜಮಾಖರ್ಚನ್ನು ಭಕ್ತಿಯಿಂದ ನೋಡಬೇಕಾಗಿಲ್ಲ. 2025ರ ಜುಲೈ ಹೊತ್ತಿಗೆ ಮಹಿಳೆಯರ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿದ್ದನ್ನು ಸರ್ಕಾರ ಸಂಭ್ರಮಿಸಿತು. ಆ ಪ್ರಯಾಣಗಳ ಹಿಂದೆ ಗಾರ್ಮೆಂಟ್ ಕಾರ್ಮಿಕರಿದ್ದಾರೆ, ಮನೆಗೆಲಸದವರಿದ್ದಾರೆ, ಬಸ್ ಚಾರ್ಜು ಉಳಿದದ್ದರಿಂದ ದೂರದ ಕಾಲೇಜಿಗೆ ಸೇರಿದ ಹುಡುಗಿಯರಿದ್ದಾರೆ. ಆದರೆ ಅದಕ್ಕೂ ಮೊದಲು, ಅದೇ ವರ್ಷದ ಜನವರಿಯಲ್ಲಿ, ಟಿಕೆಟ್ಟು ಕೊಳ್ಳುವವರ ಬಸ್ ದರ ಶೇ. 15ರಷ್ಟು ಏರಿತ್ತು. ಆಗಸ್ಟ್ 5ರಂದು 38 ತಿಂಗಳ ವೇತನ ಬಾಕಿ ಕೇಳಿ ಸಾರಿಗೆ ನೌಕರರು ಮುಷ್ಕರ ಹೂಡಿದರು. ಹೆಂಗಸರ ಪ್ರಯಾಣ ಉಚಿತವಾದದ್ದು ಚಾಲಕ, ನಿರ್ವಾಹಕರ ಸಂಬಳದ ಸಾಲದ ಮೇಲೆ ಎಂದಾದರೆ ಅದನ್ನು ಪ್ರಗತಿಪರರೇ ಮೊದಲು ಎತ್ತಿ ಆಡಬೇಕಿತ್ತು. ಸಾಲದ್ದಕ್ಕೆ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಜಿಗಿಯಿತು. ಮೆಟ್ರೋ ಬಿಟ್ಟವರು ಸ್ಕೂಟರ್ ಹತ್ತಿದರೆ ಅವರನ್ನು ದೂರುವಂತಿಲ್ಲ.

ಅದೇ ಸರ್ಕಾರ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ, ಸುಮಾರು 17 ಕಿಲೋಮೀಟರ್ ಉದ್ದಕ್ಕೆ, 17 ಸಾವಿರ ಕೋಟಿಗೂ ಮಿಗಿಲು ವೆಚ್ಚದಲ್ಲಿ ಸುರಂಗ ಕೊರೆಯಲು ಹೊರಟಿದೆ. ಯೋಜನೆಯ ಪ್ರಕಾರ ಅದರಲ್ಲಿ ದ್ವಿಚಕ್ರ ವಾಹನಗಳಿಗೂ ಆಟೋಗಳಿಗೂ ಪ್ರವೇಶವಿಲ್ಲ, ಹೋಗುವವರು ಸುಂಕ ತೆರಬೇಕು. ಬಿಎಂಟಿಸಿಯ ಸುಮಾರು ಏಳು ಸಾವಿರ ಬಸ್ಸುಗಳನ್ನು ನೆಚ್ಚಿದ ನಗರಕ್ಕೆ ಈ ಹಣದಲ್ಲಿ ಇನ್ನೆಷ್ಟು ಬಸ್ಸು ಬರಬಹುದಿತ್ತೆಂದು ಕೇಳಿದವರಿಗೆ ಸಿಕ್ಕ ಉತ್ತರ ವಿಚಿತ್ರವಾದದ್ದು: ಕಾರಿಲ್ಲದ ಹುಡುಗನಿಗೆ ಈಗ ಹೆಣ್ಣು ಕೊಡುವುದಿಲ್ಲ ಎಂಬರ್ಥದ ಮಾತನ್ನು 2025ರ ಅಕ್ಟೋಬರಿನಲ್ಲಿ ಉಪಮುಖ್ಯಮಂತ್ರಿ ಡಿ. ಕೆ. ಶಿವಕುಮಾರ್ ಆಡಿದರು. ಜನ ನಕ್ಕರು. ನಗುವ ಮಾತಲ್ಲ ಅದು, ಸಮಾಜಶಾಸ್ತ್ರೀಯವಾಗಿ ನಿಖರವಾದ ಮಾತು. ತಪ್ಪು ಇರುವುದು ಮದುವೆ ಮಾರುಕಟ್ಟೆಯ ಬೇಡಿಕೆಯನ್ನು ನಗರ ಯೋಜನೆಯ ಆಧಾರವಾಗಿಸಿದ್ದರಲ್ಲಿ.

ಈ ಸುರಂಗದ ಫಲಿತಾಂಶವನ್ನು ಊಹಿಸಲು ಹೂಸ್ಟನ್ನಿನ ಕನ್ನಡಿಗರನ್ನು ಕೇಳಿದರೆ ಸಾಕು. ಅಲ್ಲಿನ ಕೇಟಿ ಹೆದ್ದಾರಿಯನ್ನು 280 ಕೋಟಿ ಡಾಲರ್ ಸುರಿದು, ಪಕ್ಕದ ರಸ್ತೆಗಳೂ ಸೇರಿದಂತೆ ಕೆಲವೆಡೆ 26 ಪಥಗಳಿಗೆ ಹಿಗ್ಗಿಸಲಾಯಿತು. 2008ರಲ್ಲಿ ಕೆಲಸ ಮುಗಿಯಿತು. ಹಿಗ್ಗಿದ ರಸ್ತೆಯನ್ನು ನೋಡಿ ಇನ್ನಷ್ಟು ಬಡಾವಣೆಗಳು ಎದ್ದವು, ಇನ್ನಷ್ಟು ಕಾರುಗಳು ಬಂದವು, 2014ರ ಹೊತ್ತಿಗೆ ದಟ್ಟಣೆಯ ಹೊತ್ತಿನ ಪ್ರಯಾಣ ಮೊದಲಿಗಿಂತ ದೀರ್ಘವಾಗಿತ್ತು. ಆ ರಸ್ತೆಯಲ್ಲಿ ದಿನವೂ ಸಂಜೆ ಕಾಯುವ ಎಂಜಿನಿಯರುಗಳಲ್ಲಿ ಕೆಲವರು, ಬೆಂಗಳೂರಿಗೆ ಇನ್ನೂ ಅಗಲದ ರಸ್ತೆ ಬೇಕೆಂದು ಬಯಸುವವರೂ ಆಗಿದ್ದಾರೆ.

ರಾತ್ರಿಪಾಳಿಯ ದಾದಿಗೆ, ಗಾಲಿಕುರ್ಚಿಯಲ್ಲಿರುವವರಿಗೆ, ಅಮೆರಿಕದ ಬಹುಪಾಲು ಊರುಗಳಲ್ಲಿ ಯಾರಿಗೇ ಆದರೂ, ಇಂದು ಕಾರು ಬಿಡಿ ಎನ್ನುವುದು ಉಪದೇಶವಷ್ಟೇ. ಪ್ರಗತಿಪರ ಗೋಷ್ಠಿಗಳ ಹೊರಗಿನ ಪಾರ್ಕಿಂಗ್ ಜಾಗವೂ ತುಂಬಿಯೇ ಇರುತ್ತದೆ. ಒಬ್ಬೊಬ್ಬರ ಗ್ಯಾರೇಜಿನ ಪಾಪಪುಣ್ಯದ ವಿಚಾರಣೆಯಿಂದ ಬಸ್ಸೊಂದೂ ಹೆಚ್ಚು ಓಡುವುದಿಲ್ಲ. ಬಸ್ಸು ಓಡುವುದು ಬಜೆಟ್ಟಿನಿಂದ, ಮತದಿಂದ. ನ್ಯೂಯಾರ್ಕಿನಲ್ಲಿ 2025ರ ಜನವರಿ 5ರಿಂದ, ಮ್ಯಾನ್‌ಹಟನ್ನಿನ 60ನೆಯ ಬೀದಿಯಿಂದ ಕೆಳಗಿನ ಭಾಗಕ್ಕೆ ಹಗಲು ಪ್ರವೇಶಿಸುವ ಕಾರುಗಳು 9 ಡಾಲರ್ ತೆತ್ತು, ಆ ಹಣ ಮೆಟ್ರೋ ಮತ್ತು ಬಸ್ಸುಗಳಿಗೆ ಹೋಗುವುದು ಸಾಧ್ಯವಾದದ್ದು ವರ್ಷಗಟ್ಟಲೆ ಅದಕ್ಕಾಗಿ ಪಟ್ಟುಹಿಡಿದವರಿದ್ದುದರಿಂದ.

ಗ್ವಿನೆಟ್ ಈಗ 1971ರ ಗ್ವಿನೆಟ್ ಅಲ್ಲ. ಬಿಳಿಯರು ಅಲ್ಲಿ ಬಹುಸಂಖ್ಯಾತರಲ್ಲ. ಕೊರಿಯನ್ನರು, ಲ್ಯಾಟಿನೋಗಳು, ಕರಿಯರು, ಭಾರತೀಯರು, ಅವರ ನಡುವೆ ಕನ್ನಡ ಮಾತನಾಡುವ ಮನೆಗಳೂ ಇವೆ. ಪೌರತ್ವ ಪಡೆದು ಮತ ಹಾಕುವವರ ಸಂಖ್ಯೆ ಸಣ್ಣದಲ್ಲ. ಕೌಂಟಿಯ ಕೆಲವೇ ಬಸ್ಸುಗಳ ಸೇವೆಯನ್ನು ಹಿಗ್ಗಿಸಲು, ಡಾಲರಿಗೆ ಒಂದು ಸೆಂಟಿನ ಮಾರಾಟ ತೆರಿಗೆ ಹಾಕುವ ಪ್ರಸ್ತಾಪ 2019ರ ಮಾರ್ಚಿನಲ್ಲಿ ಸೋತಿತು. 2020ರ ನವೆಂಬರಿನಲ್ಲಿ ಇಡೀ ಕೌಂಟಿಯಲ್ಲಿ ಸುಮಾರು ಒಂದು ಸಾವಿರ ಮತಗಳ ಅಂತರದಿಂದ ಸೋತಿತು. 2024ರ ನವೆಂಬರಿನಲ್ಲಿ ಮೂರನೆಯ ಬಾರಿ, ಇನ್ನೂ ದೊಡ್ಡ ಅಂತರದಿಂದ ಸೋತಿತು. ಬೇಸಿಗೆಗೆ ಬಂದಿದ್ದ ತಾಯಂದಿರು ಅಷ್ಟರಲ್ಲಿ ಊರಿಗೆ ಮರಳಿದ್ದರು. ವಿಮಾನ ನಿಲ್ದಾಣದಿಂದ ತುಮಕೂರಿಗೆ ಬಸ್ಸು ಹಿಡಿಯಲು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.