ಮೀನಿಗೂ ಒಂದು ಪಾಲು

ಕಾಡನ್ನು ಉಳಿಸಿದೆವೆಂದು ಹೇಳಿ ಅದರ ನೀರನ್ನು ಅನ್ಯರಿಗೆ ಬಿಟ್ಟುಕೊಟ್ಟರೆ ನಾವು ಉಳಿಸಿದ್ದಾದರೂ ಏನನ್ನು?

ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಡೆವಿಲ್ಸ್ ಹೋಲ್ ಎಂಬ ಬೆಚ್ಚನೆಯ ನೀರಿನ ಕೊಳವಿದೆ. ಬೆರಳಿನ ಗೆಣ್ಣಿನಷ್ಟುದ್ದದ ಪಪ್‌ಫಿಶ್ ಮೀನಿನ ಒಂದು ಪ್ರಭೇದಕ್ಕೆ ಜಗತ್ತಿನಲ್ಲಿ ಅದೊಂದೇ ಸಹಜ ನೆಲೆ. 1952ರಲ್ಲಿ ಅಧ್ಯಕ್ಷ ಟ್ರೂಮನ್ ಆ ಸ್ಥಳವನ್ನು ಸಂರಕ್ಷಿತವೆಂದು ಘೋಷಿಸಿದರು. 1968ರಿಂದ ಸಮೀಪದ ಜಮೀನಿನವರು ಅಂತರ್ಜಲವನ್ನು ಪಂಪಿನಿಂದ ಎತ್ತತೊಡಗಿದಾಗ ಕೊಳದ ಮಟ್ಟ ಇಳಿದು, ಮೀನು ಮೊಟ್ಟೆಯಿಡುವ ಬಂಡೆಯ ಹಾಸು ನೀರಿನಿಂದ ಮೇಲೇಳತೊಡಗಿತು. 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪಿತ್ತಿತು: ನೆಲವನ್ನು ಕಾಯ್ದಿರಿಸಿದಾಗಲೇ ಆ ಉದ್ದೇಶಕ್ಕೆ ಅಗತ್ಯವಾದಷ್ಟು ನೀರನ್ನೂ ಕಾಯ್ದಿರಿಸಿದಂತಾಯಿತು. ಪಂಪು ಪೂರ್ತಿ ನಿಲ್ಲಬೇಕಿರಲಿಲ್ಲ. ಮೀನು ಬದುಕುವ ಮಟ್ಟಕ್ಕಿಂತ ನೀರು ಇಳಿಯಬಾರದು, ಅಷ್ಟೆ.

ನಮ್ಮ ಕಾವೇರಿ ನ್ಯಾಯಮಂಡಳಿಯೂ 2007ರ ಅಂತಿಮ ತೀರ್ಪಿನಲ್ಲಿ 740 ಟಿಎಂಸಿ ನೀರಿನ ಪೈಕಿ 10 ಟಿಎಂಸಿಯನ್ನು ಪರಿಸರಕ್ಕೆಂದು ತೆಗೆದಿರಿಸಿತು. ರೈತರ ಬವಣೆಯನ್ನು ನಾನು ಕಡೆಗಣಿಸುವವನಲ್ಲ. ಆದರೆ ಬರಗಾಲದಲ್ಲಿ ರಾಜ್ಯಗಳ ಪರ ವಾದಿಸಲು ವಕೀಲರಿದ್ದಾರೆ. ಹೊಳೆಯ ನೀರುನಾಯಿಗೆ ಯಾರಿದ್ದಾರೆ? ಮೂಕಪ್ರಾಣಿಯ ನೀರು ದಾನವಾಗಿದ್ದರೆ ಕಷ್ಟಕಾಲದಲ್ಲಿ ಮೊದಲು ನಿಲ್ಲುವುದು ಅದೇ. ಹಕ್ಕಾಗಿದ್ದರೆ ಅದರ ಪರವಾಗಿ ಕೇಳಿ ಪಡೆಯಬಹುದು. ಆದ್ದರಿಂದ ಯಾವ ಅಭಯಾರಣ್ಯವನ್ನು ಘೋಷಿಸಿದರೂ ಅದರ ನೀರಿನ ಪಾಲನ್ನು ಅದೇ ಆದೇಶದಲ್ಲಿ ಬರೆದಿಡಬೇಕೆಂಬುದು ನನ್ನ ನಿಲುವು. ನೀವೇನೆನ್ನುವಿರಿ?