ಖಾಲಿ ಬಾಟಲಿಗೂ ವಾಪಸ್ ದಾರಿ ಬೇಕು

ಗ್ಯಾಸ್ ಸಿಲಿಂಡರ್ ಖಾಲಿಯಾದರೆ ಯಾರಾದರೂ ಹೊಲದ ಬದುವಿಗೆ ಎಸೆಯುತ್ತಾರಾ? ಇಲ್ಲ. ಅದಕ್ಕೆ ಡಿಪಾಸಿಟ್ ಕಟ್ಟಿರುತ್ತೇವೆ. ಖಾಲಿ ಕೊಟ್ಟರೇ ತುಂಬಿದ್ದು ಸಿಗುವುದು.

ಎಣ್ಣೆ ಬಾಟಲಿ ಕಥೆ ಬೇರೆ. ಕೆರೆ ಏರಿ ಮೇಲೆ, ಗದ್ದೆ ಬದುವಿನಲ್ಲಿ ಕುಡಿದು ಅಲ್ಲೇ ಒಡೆದು ಹೋಗುತ್ತಾರೆ. ಕುಡಿಯುವವರು ಯಾರೋ, ಗಾಜು ಚುಚ್ಚುವುದು ನಾಟಿಗೆ ಇಳಿದ ಹೆಂಗಸರ ಕಾಲಿಗೆ, ದನದ ಗೊರಸಿಗೆ. ಗುಜರಿಯವರು ಬೆಲೆ ಬರುವ ಬಾಟಲಿ ಮಾತ್ರ ಒಯ್ಯುತ್ತಾರೆ. ಒಡೆದದ್ದು ಮಣ್ಣಲ್ಲೇ ಉಳಿಯುತ್ತದೆ.

ಮಾರಿದ ಮಾಲಿನ ಖಾಲಿ ಡಬ್ಬಿ, ಬಾಟಲಿ ಮತ್ತೆ ಮಾರಿದವರ ಕೈಸೇರುವ ವ್ಯವಸ್ಥೆಗೆ 'ರಿವರ್ಸ್ ಲಾಜಿಸ್ಟಿಕ್ಸ್' ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ನಮ್ಮ ಸಿಲಿಂಡರಿನದ್ದೇ.

ಪಕ್ಕದ ತಮಿಳುನಾಡು ಇದನ್ನು ಮಾಡಿ ತೋರಿಸಿದೆ. ನೀಲಗಿರಿ ಕಾಡಿನಲ್ಲಿ ಒಡೆದ ಬಾಟಲಿಯಿಂದ ಪ್ರಾಣಿಗಳಿಗೆ ಗಾಯವಾಗುವ ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಕೋರ್ಟ್ ಹೇಳಿದ ಮೇಲೆ, 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ವಾಪಸ್ ಕೊಡಲು ಶುರು ಮಾಡಿದರು. ಕೇರಳವೂ 2025ರಲ್ಲಿ 20 ರೂಪಾಯಿ ಠೇವಣಿ ತಂದಿತು. ಕುಡಿದವರು ಎಸೆದರೂ 10 ರೂಪಾಯಿಗಾಗಿ ಬೇರೆಯವರು ಹೆಕ್ಕಿ ತರುತ್ತಾರೆ. ಇದರ ಗುಟ್ಟು ಇರುವುದೇ ಅಲ್ಲಿ.

ತೊಂದರೆಯೂ ಇದೆ. ಬಾಟಲಿ ಇಡಲು ಜಾಗವಿಲ್ಲ, ಎಣಿಸಲು ಜನವಿಲ್ಲ ಎಂದು ತಮಿಳುನಾಡಿನ ಅಂಗಡಿ ನೌಕರರು ಪ್ರತಿಭಟಿಸಿದ್ದಾರೆ. ಅವರ ಮಾತು ನ್ಯಾಯವೇ. ವಾಪಸ್ ತರುವುದೂ ಒಂದು ಕೆಲಸ. ಅದಕ್ಕೆ ಜಾಗ, ಕೂಲಿ ಕೊಡಲೇಬೇಕು.

ನಮ್ಮಲ್ಲಿ ಅಂಗಡಿಗಳು ಹೆಚ್ಚಾಗಿ ಖಾಸಗಿಯವರವು, ನಿಜ. ಆದರೆ ಅವಕ್ಕೆ ಮಾಲು ಬರುವುದು ಸರ್ಕಾರದ್ದೇ ಆದ ಪಾನೀಯ ನಿಗಮದ ಡಿಪೋಗಳಿಂದ. ಮಾಲು ತರಲು ಡಿಪೋಗೆ ಖಾಲಿ ಹೋಗುವ ಗಾಡಿಯಲ್ಲಿ ಖಾಲಿ ಬಾಟಲಿ ಯಾಕೆ ಹೋಗಬಾರದು? ಬಾಟಲಿಯ ಜೊತೆ ಟೆಟ್ರಾ ಪ್ಯಾಕಿಗೂ ಠೇವಣಿ ಇರಲಿ. ಇಲ್ಲದಿದ್ದರೆ ಗಾಜು ಹೋಗಿ ಪ್ಯಾಕೆಟ್ ರಾಶಿ ಬೀಳುತ್ತದೆ.

ಮದ್ಯದಿಂದ ಬರುವ ತೆರಿಗೆ ಸರ್ಕಾರಕ್ಕೆ, ಗಾಜು ಮಾತ್ರ ನಮ್ಮ ಹೊಲಕ್ಕೆ ಅಂದರೆ ಹೇಗೆ? ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಠೇವಣಿ ಪದ್ಧತಿ ತನ್ನಿ ಎಂದು ಠರಾವು ಮಾಡಿಸಿ ಸರ್ಕಾರಕ್ಕೆ ಕಳಿಸಿ.