ಕಪ್ಪು ಬಳಿದ ಹಿಂದೀಪ: ಕಾಣದ ಬೆನ್ನು, ಕಾಣದ ಕಾನೂನು

ಗುಡೂರು (ಬಾಗಲಕೋಟೆ ಜಿಲ್ಲೆ): ವಾಹನದ ಮುಂದಿನ ದೀಪ ಚಾಲಕನಿಗಾಗಿ, ಹಿಂದಿನ ದೀಪ ಪರರಿಗಾಗಿ. ಬಹುಶಃ ಈ ಕಾರಣದಿಂದಲೇ ಹಿಂದಿನ ದೀಪದ ಬಗ್ಗೆ ಅಸಡ್ಡೆ ಹೆಚ್ಚು. ಕಾರು, ಬೈಕುಗಳ ಕೆಂಪು ಹಿಂದೀಪಕ್ಕೆ ಕಪ್ಪು ಫಿಲ್ಮ್ ಅಂಟಿಸಿ ಅಥವಾ 'ಸ್ಮೋಕ್' ಸ್ಪ್ರೇ ಹೊಡೆದು ಮಬ್ಬಾಗಿಸಿಕೊಳ್ಳುವ ಖಯಾಲಿ ದೊಡ್ಡ ನಗರಗಳಲ್ಲಷ್ಟೇ ಉಳಿದಿಲ್ಲ. ಒಂದು ಡಬ್ಬಿ ಸ್ಪ್ರೇ, ಒಂದು ಉಜ್ಜುಕಾಗದ, ಮನೆಯ ಅಂಗಳದಲ್ಲಿ ಒಂದು ಭಾನುವಾರ; ಇಷ್ಟಿದ್ದರೆ ಕೆಲಸ ಮುಗಿಯುತ್ತದೆ. ಇದೇ ಉಜ್ಜುಕಾಗದದಿಂದ ಹಳೆಯ, ಮಸುಕಾದ ದೀಪವನ್ನು ಮತ್ತೆ ಬೆಳಗುವಂತೆ ಮಾಡಿಕೊಳ್ಳುವವರೂ ಇದ್ದಾರೆ. ಸಾಮಗ್ರಿ ಹೆಚ್ಚೂಕಡಿಮೆ ಒಂದೇ, ಫಲ ಮಾತ್ರ ತದ್ವಿರುದ್ಧ. ಈ ಎರಡರ ನಡುವಿನ ಗೆರೆಯನ್ನು ಕಾನೂನು ಎಳೆದಿದೆ. ರಸ್ತೆಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಂತಿಲ್ಲ.

ಹಿಂದೆ ಹುನಗುಂದ ತಾಲ್ಲೂಕಿಗೆ ಸೇರಿದ್ದು ಈಗ ಇಳಕಲ್ ತಾಲ್ಲೂಕಿನಲ್ಲಿರುವ ಗುಡೂರಿನಂಥ ಊರಿನಲ್ಲಿ ಈ ಪ್ರಶ್ನೆ ಕೇವಲ ಅಲಂಕಾರದ್ದಲ್ಲ. ಇಳಕಲ್ ಕಡೆಯ ಗ್ರಾನೈಟ್ ಹೊತ್ತ ಲಾರಿ, ಜೋಳ-ಕಡಲೆ ಹೇರಿದ ಟ್ರ್ಯಾಕ್ಟರ್, ಐಹೊಳೆ-ಪಟ್ಟದಕಲ್ಲು-ಬಾದಾಮಿಗೆ ಧಾವಿಸುವ ಪ್ರವಾಸಿ ಕಾರು, ಬನದ ಹುಣ್ಣಿಮೆಯ ಸುಮಾರಿಗೆ ಬನಶಂಕರಿ ಜಾತ್ರೆಗೆ ಹೊರಟ ಚಕ್ಕಡಿ ಮತ್ತು ಪಾದಚಾರಿಗಳು, ಎಲ್ಲರಿಗೂ ಸೀಮೆಯ ರಸ್ತೆಗಳು ಅವೇ. ಊರು ದಾಟಿದರೆ ಬೀದಿದೀಪ ಇಲ್ಲ. ಮುಂದಿರುವುದು ವಾಹನವೇ, ಬಯಲೇ ಎಂಬುದನ್ನು ಹೇಳುವುದು ಎರಡು ಕೆಂಪು ಚುಕ್ಕೆಗಳು ಮಾತ್ರ.

155 ಮೀಟರಿನ ಲೆಕ್ಕ

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 105ನೇ ನಿಯಮದ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು. ನೋಂದಣಿ ಫಲಕದ ಮೇಲೆ ಬಿಳಿ ಬೆಳಕು ಬಿದ್ದು, 15 ಮೀಟರ್ ದೂರದಿಂದ ಅಕ್ಷರಗಳನ್ನು ಓದಲು ಬರಬೇಕು. 155 ಎಂಬ ಸಂಖ್ಯೆಯ ಬೆಲೆ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು.

ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ಕಂಡು, ಅರಿತು, ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಸಾಗಿಹೋಯಿತು. ಬ್ರೇಕ್ ಹಿಡಿದ ನಂತರ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 40 ಮೀಟರ್ ಬೇಕು. ಒಟ್ಟು ಸುಮಾರು 75 ಮೀಟರ್. ಹೊರೆ ಹೊತ್ತ ಲಾರಿಗೆ ಇದಕ್ಕಿಂತ ಹೆಚ್ಚು.

ಈಗ ಕಪ್ಪು ಪೊರೆಯ ಮಾತು. ಬೆಳಕಿನ ಅರ್ಧವನ್ನು ನುಂಗುವ ಪೊರೆ ಹಚ್ಚಿದರೆ, ಕಾಣುವ ದೂರ ಅರ್ಧಕ್ಕೆ ಇಳಿಯುವುದಿಲ್ಲ. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ಕುಗ್ಗುವುದರಿಂದ 155 ಮೀಟರ್ ಸುಮಾರು 110ಕ್ಕೆ ಬರುತ್ತದೆ. ನಾಲ್ಕನೇ ಒಂದು ಪಾಲು ಬೆಳಕನ್ನಷ್ಟೇ ಬಿಡುವ ದಟ್ಟ ಬಣ್ಣವಾದರೆ 77ಕ್ಕೆ. ನಿಲ್ಲಲು ಬೇಕಾದ ದೂರವೂ ಹೆಚ್ಚೂಕಡಿಮೆ ಅಷ್ಟೇ ಎಂಬುದನ್ನು ಗಮನಿಸಬೇಕು. ಇದು ಧೂಳು, ಮಂಜು, ಎದುರಿನಿಂದ ಬರುವ ವಾಹನದ ಕಣ್ಣುಕುಕ್ಕುವ ಬೆಳಕು ಯಾವುದೂ ಇಲ್ಲದ ಸ್ವಚ್ಛ ರಾತ್ರಿಯ ಲೆಕ್ಕ. ಅಂಥ ರಾತ್ರಿಗಳು ಈ ಭಾಗದಲ್ಲಿ ಎಷ್ಟಿರುತ್ತವೆ ಎಂಬುದನ್ನು ಓದುಗರೇ ಬಲ್ಲರು.

ಇನ್ನೂ ಒಂದು ಸಂಗತಿ ಬಹುತೇಕರ ಅರಿವಿಗೆ ಬಂದಿಲ್ಲ. ಅನೇಕ ಹಿಂದೀಪಗಳ ಕವಚದೊಳಗೇ ಪ್ರತಿಫಲಕ ಅಡಗಿರುತ್ತದೆ. ಸಣ್ಣ ಸಣ್ಣ ಮೂಲೆಗಳಂತೆ ಅಚ್ಚು ಹಾಕಿದ ಆ ಭಾಗ, ಹಿಂದಿನಿಂದ ಬಂದ ಬೆಳಕನ್ನು ಬಂದ ದಾರಿಯಲ್ಲೇ ಹಿಂತಿರುಗಿಸುತ್ತದೆ. ಬಲ್ಬು ಸುಟ್ಟರೂ, ಬ್ಯಾಟರಿ ಸತ್ತರೂ ಕೆಲಸ ಮಾಡುವುದು ಇದೊಂದೇ. ಕಪ್ಪು ಪೊರೆ ಇದನ್ನು ಎರಡು ಸಲ ಹೊಡೆಯುತ್ತದೆ: ಬೆಳಕು ಒಳಹೋಗುವಾಗ ಒಮ್ಮೆ, ಹೊರಬರುವಾಗ ಇನ್ನೊಮ್ಮೆ. ಅರ್ಧ ಬೆಳಕು ಬಿಡುವ ಪೊರೆಯ ಹಿಂದಿನ ಪ್ರತಿಫಲಕ ನಾಲ್ಕನೇ ಒಂದು ಪಾಲನ್ನಷ್ಟೇ ಹಿಂತಿರುಗಿಸುತ್ತದೆ. ಶೇ 30ರಷ್ಟು ಬಿಡುವ ಪೊರೆಯಾದರೆ ಶೇ 9 ಮಾತ್ರ. ಒಳಗೆ ಹೆಚ್ಚು ವಾಟಿನ ಬಲ್ಬು ಹಾಕಿ ಸರಿದೂಗಿಸಬಹುದೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಪ್ರತಿಫಲಕಕ್ಕೆ ಬಲ್ಬಿನ ಹಂಗಿಲ್ಲ. ಹೆಚ್ಚು ಬಿಸಿಯಾಗುವ ಬಲ್ಬು ಕವಚವನ್ನೇ ಕರಗಿಸೀತು.

ಹಗಲಿನ ಅಪಾಯ ಬೇರೆಯದು. ಬಿರುಬಿಸಿಲಿನಲ್ಲಿ ಮಬ್ಬು ಕವಚದ ಹಿಂದೆ ಬ್ರೇಕ್ ದೀಪ ಹೊತ್ತಿತೋ ಇಲ್ಲವೋ ತಿಳಿಯುವುದೇ ಇಲ್ಲ.

ಉಜ್ಜುವುದು ತಪ್ಪಲ್ಲ, ಮುಚ್ಚುವುದು ತಪ್ಪು

ಮನೆಯಲ್ಲಿ ಹಿಂದೀಪವನ್ನು ಸರಿಪಡಿಸಿಕೊಳ್ಳುವವರನ್ನು ಇದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಹೊಸ ದೀಪದ ಜೋಡಿಗೆ ಸಾವಿರಾರು ರೂಪಾಯಿ ತೆರಬೇಕಾದ ಹಳೆಯ ಕಾರಿನ ಮಾಲೀಕ ಕೆಲವು ಹಾಳೆ ಉಜ್ಜುಕಾಗದ ಕೊಂಡರೆ ಅದು ಜಾಣತನವೇ. ಹೆಡ್‌ಲೈಟಿನ ಡೂಮ್ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಬಿಸಿಲಿನ ಅತಿನೇರಳೆ ಕಿರಣಕ್ಕೆ ಹಳದಿಗಟ್ಟುತ್ತದೆ. ಹಿಂದಿನ ಕವಚ ಹೆಚ್ಚಾಗಿ ಅಕ್ರಿಲಿಕ್. ಅದು ಹಳದಿಗಟ್ಟುವುದು ಕಡಿಮೆ. ಆದರೆ ಧೂಳು ಸೇರಿದ ಒಣಬಟ್ಟೆಯ ಒರೆಸಾಟದಿಂದ ಗೀರಾಗಿ ಮಸುಕಾಗುತ್ತದೆ, ವರ್ಷಗಳು ಕಳೆದಂತೆ ಕೆಂಪು ಬಣ್ಣ ಮಾಸಿ ಗುಲಾಬಿಯತ್ತ ತಿರುಗುವುದೂ ಉಂಟು. ಗೀರನ್ನು ಉಜ್ಜಿ ತೆಗೆಯಬಹುದು, ಮಾಸಿದ ಬಣ್ಣವನ್ನು ತರಲಾಗದು.

ಬಲ್ಲ ಮೆಕ್ಯಾನಿಕ್‌ಗಳು ಮೊದಲು ಕವಚ ಮುಟ್ಟುವುದಿಲ್ಲ, ಬಲ್ಬು ಮತ್ತು ಅರ್ಥಿಂಗ್ ನೋಡುತ್ತಾರೆ. ಮಂದ ಬೆಳಕಿಗೆ ತುಕ್ಕು ಹಿಡಿದ ಹೋಲ್ಡರ್ ಎಷ್ಟೋ ಸಲ ಕಾರಣ. ಅದು ಸರಿಯಿದ್ದರೆ ಮಾತ್ರ ತೊಳೆದು, ಸುತ್ತಲಿನ ಬಣ್ಣಕ್ಕೆ ಟೇಪ್ ಹಚ್ಚಿ, ನೀರು ಹಾಕುತ್ತ 1000, 1500, 2000 ಸಂಖ್ಯೆಯ ಕಾಗದಗಳಿಂದ ಕ್ರಮವಾಗಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಅತಿನೇರಳೆ ಕಿರಣ ತಡೆಯುವ ಬಣ್ಣರಹಿತ ಲೇಪ ಹೊಡೆಯಬೇಕು. ಲೇಪ ಬಿಟ್ಟರೆ ಮಸುಕು ಬೇಗನೆ ಮರಳುತ್ತದೆ. ಹಲ್ಲುಜ್ಜುವ ಪೇಸ್ಟಿನ ಜನಪ್ರಿಯ ಉಪಾಯ ಕೆಲ ದಿನದ ಹೊಳಪು ಅಷ್ಟೇ. ಪೆಟ್ರೋಲ್ ಅಥವಾ ಥಿನ್ನರ್‌ನಿಂದ ಒರೆಸುವುದಂತೂ ಸಲ್ಲದು. ಅಕ್ರಿಲಿಕ್ ಮೇಲೆ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಕವಚ ಸೀಳಿ ಒಳಗೆ ನೀರು ಸೇರಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬದಲಿಸುವುದೇ ದಾರಿ.

ಕಾನೂನು ಎಲ್ಲಿ ಮಂಕಾಗುತ್ತದೆ

ಕಿಟಕಿ ಗಾಜಿನ ಕಪ್ಪು ಫಿಲ್ಮ್ ವಿರುದ್ಧ ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಆದೇಶ ನೀಡಿದಾಗ ರಾಜ್ಯದೆಲ್ಲೆಡೆ ಪೊಲೀಸರು ರಸ್ತೆಗಿಳಿದು ಫಿಲ್ಮ್ ಕಿತ್ತಿದ್ದರು. ಒಳಗೆ ಕುಳಿತವರು ಕಾಣದಿದ್ದರೆ ಭದ್ರತೆಗೆ ಅಪಾಯ ಎಂಬುದು ಬೇಗ ಅರ್ಥವಾಗುತ್ತದೆ. ವಾಹನವೇ ಕಾಣದಿದ್ದರೆ ಎಂಬ ಪ್ರಶ್ನೆಗೆ ಅಂಥ ಆತುರ ಕಂಡುಬಂದಿಲ್ಲ. 2024ರ ಜುಲೈನಿಂದ ರಾಜ್ಯ ಪೊಲೀಸರು ಕಣ್ಣುಕುಕ್ಕುವ ಎಲ್‌ಇಡಿ ಹೆಡ್‌ಲೈಟ್‌ಗಳ ವಿರುದ್ಧ ಪ್ರಕರಣ ದಾಖಲಿಸತೊಡಗಿದರು. ಅದು ಸ್ವಾಗತಾರ್ಹವೇ. ಆದರೆ ಮುಂದೆ ಅತಿಯಾದ ಬೆಳಕು, ಹಿಂದೆ ಇಲ್ಲದ ಬೆಳಕು, ಇವೆರಡೂ ಒಂದೇ ರಸ್ತೆಯ ರೋಗಗಳು.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಅಡಿ ವಾಹನವನ್ನು ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಸಜೆ ವಿಧಿಸಲು ಅವಕಾಶವಿದೆ. ಆದರೆ ಮಾರ್ಪಾಡನ್ನು ನಿಷೇಧಿಸುವ 52ನೇ ಸೆಕ್ಷನ್ ಮುಖ್ಯವಾಗಿ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಬದಲಾವಣೆಗೆ ಸಂಬಂಧಿಸಿದ್ದು. ದೀಪದ ಮೇಲಿನ ಫಿಲ್ಮ್ ಇದರೊಳಗೆ ಬರುತ್ತದೆಯೇ ಎಂದು ವಕೀಲರು ವಾದಿಸಬಹುದು. 105ನೇ ನಿಯಮದ 155 ಮೀಟರ್ ಮಾತ್ರ ಅಂಥ ವಾದಕ್ಕೆ ಎಡೆಗೊಡದು. ಕಾಣಬೇಕು, ಇಲ್ಲವೇ ತಪ್ಪು. ಅಳತೆಪಟ್ಟಿ ಮತ್ತು ಎರಡು ಕಣ್ಣು ಸಾಕಾಗುವ ಈ ಪರೀಕ್ಷೆಯನ್ನು ರಸ್ತೆಬದಿಯಲ್ಲಿ ನಡೆಸುವುದು ಕಂಡುಬರುವುದೇ ಅಪರೂಪ.

ತಪಾಸಣೆಯ ವ್ಯವಸ್ಥೆಯಲ್ಲೇ ತೂತಿದೆ. ಲಾರಿ, ಬಸ್ಸುಗಳು ನಿಯತವಾಗಿ ಕ್ಷಮತಾ ಪತ್ರ ಪಡೆಯಬೇಕು. ಖಾಸಗಿ ಕಾರು, ಬೈಕಿಗೆ ನೋಂದಣಿಯಾದ 15 ವರ್ಷಗಳವರೆಗೆ ಅಂಥ ಪರೀಕ್ಷೆ ಇಲ್ಲ. ಕೃಷಿ ಟ್ರ್ಯಾಕ್ಟರ್ ಕೂಡ ಸಾರಿಗೇತರ ವರ್ಗದಲ್ಲಿ ನೋಂದಣಿಯಾಗುತ್ತದೆ. ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಬಂದರೆ ಒಂದರ ಹಿಂದೊಂದು ಟ್ರೇಲರ್ ಕಟ್ಟಿಕೊಂಡು ಹೊರಡುವ ಟ್ರ್ಯಾಕ್ಟರ್‌ಗಳಲ್ಲಿ ದೀಪದ ವೈರು ಹರಿದಿರುತ್ತದೆ, ದೀಪವಿದ್ದರೂ ಜೋತುಬಿದ್ದ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಅಲ್ಲಿ ಟಿಂಟ್ ಬಳಿಯುವ ಅಗತ್ಯವೇ ಇಲ್ಲ! ಪೊಲೀಸರು 'ರೇಡಿಯಂ' ಪಟ್ಟಿ ಅಂಟಿಸುವ ಕಾರ್ಯಕ್ರಮ ನಡೆಸುತ್ತಾರೆ, ಫೋಟೊ ಪ್ರಕಟವಾಗುತ್ತದೆ. ಕೆಸರು ಮೆತ್ತಿದ ಪಟ್ಟಿಯನ್ನು ಮರುವಾರ ಒರೆಸುವವರು ಯಾರು? ರೈತನನ್ನು ತಡೆದು ದಂಡ ಹಾಕಲು ಯಾವ ಸರ್ಕಾರಕ್ಕೂ ಮನಸ್ಸಿಲ್ಲ. ಹೊಳೆಯುವ ಬೈಕಿನ ಹುಡುಗ ಸುಲಭಕ್ಕೆ ಸಿಗುತ್ತಾನೆ. ಅವನದೂ ತಪ್ಪೇ, ಆದರೆ ದೊಡ್ಡ ಅಪಾಯ ಅವನ ಮುಂದೆ ಸಾಗುತ್ತಿರುವ ಟ್ರೇಲರ್‌ನದು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅಪಘಾತಗಳಲ್ಲಿ ಐದರಲ್ಲೊಂದಕ್ಕಿಂತ ಹೆಚ್ಚು, ಹಿಂದಿನಿಂದ ಡಿಕ್ಕಿ ಹೊಡೆದವು. ಇವೆಲ್ಲ ದೀಪದ ದೋಷದಿಂದಲೇ ಆದವೆಂದು ಹೇಳಲಾಗದು. ವೇಗ, ಕುಡಿತ, ನಿದ್ದೆಯ ಪಾಲೂ ಇದೆ.

ಹಣದ ಭಾಷೆ ಬೇಗ ಅರ್ಥವಾಗುವವರಿಗೆ ಇನ್ನೊಂದು ವಿಷಯವಿದೆ. ಪಾರ್ಕಿಂಗ್ ದೀಪವಾಗಲಿ, ಬೇರಾವ ಎಚ್ಚರಿಕೆಯ ಗುರುತಾಗಲಿ ಇಲ್ಲದೆ ಹೆದ್ದಾರಿಯ ನಡುವೆ ನಿಲ್ಲಿಸಿದ್ದ ಟ್ರೇಲರ್ ಲಾರಿಗೆ ಕಾರು ಬಡಿದ ಕರ್ನಾಟಕದ ಪ್ರಕರಣವೊಂದರಲ್ಲಿ, ಕಾರಿನವರದೂ ನಿರ್ಲಕ್ಷ್ಯವಿದೆ ಎಂಬ ಕೆಳಗಿನ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಲಿಲ್ಲ. ಹೊಣೆಯನ್ನು ಪೂರ್ತಿಯಾಗಿ ಲಾರಿಯ ಕಡೆಗೇ ಹೊರಿಸಿತು.